ಹೆಪ್ಪುಗಟ್ಟುವ ನೆಲದ ಮೇಲಿನ ಹಳೆಯ ಮನೆಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಭೂಪಟವನ್ನು ಮುಂದಿಟ್ಟುಕೊಂಡು ಉತ್ತರದ ಅಂಚಿನಲ್ಲಿ ಕೆನಡಾ ದೇಶಕ್ಕೆ ತಾಗಿರುವ ಮಿನ್ನೆಸೋಟಾ ರಾಜ್ಯದ ಮೇಲೆ ಬೆರಳಿಟ್ಟರೆ, ಮಿಸಿಸಿಪ್ಪಿ ಮಹಾನದಿಯ ಮೂಲವನ್ನೇ ಮುಟ್ಟಿದಂತಾಗುತ್ತದೆ. ಇಟಾಸ್ಕಾ ಎಂಬ ಸರೋವರದಲ್ಲಿ ಹುಟ್ಟಿ ಕಾಡುಮೇಡುಗಳನ್ನು ಬಳಸಿ ಬರುವ ಈ ನದಿಯ ದಂಡೆಗಳಲ್ಲಿ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಅವಳಿ ನಗರಗಳು ಬೆಳೆದಿವೆ. ಹುಬ್ಬಳ್ಳಿ–ಧಾರವಾಡಗಳಂತೆ ಒಂದು ವ್ಯಾಪಾರದ ಊರು, ಇನ್ನೊಂದು ಆಡಳಿತದ ಗಾಂಭೀರ್ಯವುಳ್ಳ ಊರು. ಎರಡೂ ಊರಿನವರು ಪರಸ್ಪರರ ಬಗ್ಗೆ ಹಾಸ್ಯ ಮಾಡುವುದನ್ನು ಕೇಳಿದಾಗಲಂತೂ ನಮಗೆ ನಮ್ಮ ಸೀಮೆಯೇ ನೆನಪಾಯಿತು. 2023ರ ಸೆಪ್ಟೆಂಬರ್ ಮಧ್ಯಭಾಗದಿಂದ ನವೆಂಬರಿನ ಮೊದಲ ವಾರದವರೆಗೆ ನಾವು ದಕ್ಷಿಣ ಮಿನಿಯಾಪೊಲಿಸ್ಸಿನಲ್ಲಿ ನಮ್ಮ ಸೋದರಿಯ ಮಗಳ ಮನೆಯಲ್ಲಿ ತಂಗಿದ್ದೆವು. ಅದು 1906ರಲ್ಲಿ ಕಟ್ಟಿದ ಮನೆ. ಅವಳೂ ಅವಳ ಪತಿಯೂ ಅದನ್ನು ಸಾಲ ಮಾಡಿ ಕೊಂಡು ಆಗಿನ್ನೂ ಒಂದು ವರುಷ ತುಂಬಿರಲಿಲ್ಲ.

ನೋಡತಕ್ಕ ಸ್ಥಳಗಳಿಗೆ ಆ ಊರಿನಲ್ಲಿ ಕೊರತೆಯಿಲ್ಲ. ಸೇಂಟ್ ಆಂಥೊನಿ ಜಲಪಾತದ ಬಳಿ 1883ರಲ್ಲಿ ಕಟ್ಟಿದ ಕಲ್ಲಿನ ಕಮಾನುಗಳ ಸೇತುವೆ, ಒಂದು ಕಾಲಕ್ಕೆ ಜಗತ್ತಿಗೇ ಗೋಧಿಹಿಟ್ಟು ಬೀಸಿಕೊಡುತ್ತಿದ್ದ ಗಿರಣಿಗಳ ಅವಶೇಷಗಳು, ಸೇಂಟ್ ಪಾಲಿನ ಸಮಿಟ್ ಅವೆನ್ಯೂದ ಅರಮನೆಯಂಥ ಮನೆಗಳು, ಇವೆಲ್ಲವನ್ನೂ ನೋಡಿದೆವು. ಆದರೆ ಪ್ರತಿನಿತ್ಯ ಮುಂಜಾನೆ ವಾಯುವಿಹಾರಕ್ಕೆ ಹೋದಾಗ ನಮ್ಮ ಕಣ್ಣು ನೆಟ್ಟುದು ಬೇರೆಯದೇ ವಸ್ತುವಿನ ಮೇಲೆ. ಬೀದಿಯ ಇಕ್ಕೆಲಗಳಲ್ಲಿ ಮೇಪಲ್ ಮರಗಳು ಕೆಂಪೇರುತ್ತಿದ್ದವು. ಅವುಗಳ ಕೆಳಗೆ ಒಂದರ ಮಗ್ಗುಲಿಗೊಂದು ಮುದ್ದಾದ ಹಳೆಯ ಮನೆಗಳು. ಆ ಮನೆಗಳ ಮುಂದಿನ ಕಾಂಕ್ರೀಟು ಪಾವಟಿಗೆಗಳು ಮಾತ್ರ ಒಂದು ಎಡಕ್ಕೆ ವಾಲಿದೆ, ಒಂದು ಮನೆಯಿಂದ ಮೂರು ಬೆರಳು ದೂರ ಸರಿದು ನಿಂತಿದೆ, ಇನ್ನೊಂದರ ಮೇಲ್ಮೈ ಹುಣ್ಣಿನ ಹೊಪ್ಪಳೆಯಂತೆ ಎದ್ದು ಒಳಗಿನ ಜಲ್ಲಿ ಹಲ್ಲು ಕಿರಿಯುತ್ತಿದೆ. ಇಷ್ಟು ಶ್ರೀಮಂತ ದೇಶದಲ್ಲಿ ಇದೇಕೆ ಹೀಗೆ ಎಂದು ಕೇಳಿದೆವು. ಅಳಿಯ ನಕ್ಕು, “ಇದೆಲ್ಲ ನೆಲದ ಕೆಲಸ” ಎಂದ.

ನೆಲದ ಕೆಲಸವೆಂದರೇನು ಎಂಬುದನ್ನು ಓದುಗರಿಗೆ ಕೊಂಚ ವಿವರಿಸಬೇಕು. ಅಲ್ಲಿನ ಚಳಿಗಾಲ ನಮ್ಮ ಕಲ್ಪನೆಗೆ ನಿಲುಕುವಂಥದಲ್ಲ. 2019ರ ಜನವರಿ 30ರಂದು ಮಿನಿಯಾಪೊಲಿಸ್ಸಿನ ಉಷ್ಣತೆ ಸೊನ್ನೆಗಿಂತ 33 ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿದಿತ್ತು. ಅಂಥ ಶೀತದಲ್ಲಿ ಕೆರೆ ಹಳ್ಳಗಳ ಜೊತೆಗೆ ಭೂಮಿಯೂ ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಹೆಪ್ಪುಗಟ್ಟುತ್ತ ಹೋಗುತ್ತದೆ. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆದರೆ ಇಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಸಣ್ಣ ಕಣಗಳ ಮಣ್ಣಾಗಿದ್ದರೆ ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಹೆಪ್ಪುಗಟ್ಟಿದ ಪದರವು ಕೆಳಗಿನ ತೇವವನ್ನು ಮೇಲಕ್ಕೆಳೆದುಕೊಂಡು ಹಾಳೆಹಾಳೆಯಾಗಿ ಮಂಜುಗಡ್ಡೆ ಕಟ್ಟುತ್ತದೆ. ಆ ಹಾಳೆಗಳು ದಪ್ಪವಾದಂತೆಲ್ಲ ತಮ್ಮ ಮೇಲಿರುವುದನ್ನು ಎತ್ತುತ್ತವೆ, ವಸಂತದಲ್ಲಿ ಕರಗಿ ಕೈಬಿಡುತ್ತವೆ. ಎತ್ತಿದ್ದು ಮತ್ತೆ ಮೊದಲಿನ ಜಾಗಕ್ಕೇ ಸರಿಯಾಗಿ ಕೂಡುವುದಿಲ್ಲ.

ನಮ್ಮ ಎರೆಭೂಮಿಯ ಸೀಮೆಯವರಿಗೆ ಇದು ತೀರ ಅಪರಿಚಿತವಲ್ಲ. ಗದಗ, ನವಲಗುಂದ, ವಿಜಯಪುರದ ಕಡೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಕರಿಮಣ್ಣಿನ ಮೇಲೆ ಮನೆ ಕಟ್ಟಿದವರು, ಕಿಟಕಿಯ ಮೂಲೆಯಿಂದ ಏಣಿಯಂತೆ ಏರುವ ಬಿರುಕನ್ನು ನೋಡಿಯೇ ಇರುತ್ತಾರೆ. ಅಲ್ಲಿಯೂ ಪರಿಹಾರವೆಂದರೆ ಅಲುಗಾಡುವ ಪದರವನ್ನು ದಾಟಿ ಬುನಾದಿಯನ್ನು ಗಟ್ಟಿ ನೆಲಕ್ಕೆ ಇಳಿಸುವುದು. ಮಿನ್ನೆಸೋಟಾ ರಾಜ್ಯದ ಕಟ್ಟಡ ನಿಯಮದ ಪ್ರಕಾರ ರಾಜ್ಯದ ದಕ್ಷಿಣ ಭಾಗದಲ್ಲಿ ಬುನಾದಿ ಕನಿಷ್ಠ 42 ಅಂಗುಲ, ಉತ್ತರ ಭಾಗದಲ್ಲಿ 60 ಅಂಗುಲ ಆಳಕ್ಕಿಳಿಯಬೇಕು. ಅವಳಿ ನಗರಗಳು 42 ಅಂಗುಲದ ವಲಯಕ್ಕೆ ಸೇರಿವೆ. ಮೂರೂವರೆ ಅಡಿ ಹೇಗಿದ್ದರೂ ಅಗೆಯಬೇಕಾದ ಮೇಲೆ ಇನ್ನೂ ನಾಲ್ಕಡಿ ಅಗೆದು ಒಂದು ನೆಲಮಾಳಿಗೆಯನ್ನೇ ಮಾಡಿಕೊಂಡರಾಯಿತಲ್ಲ? ಅಲ್ಲಿನ ಹಳೆಯ ಮನೆಗಳಿಗೆಲ್ಲ ನೆಲಮಾಳಿಗೆ ಇರುವುದರ ಗುಟ್ಟುಗಳಲ್ಲಿ ಇದೂ ಒಂದು. ಮುಂಬಾಗಿಲ ಪಾವಟಿಗೆಗಳನ್ನು ಮಾತ್ರ ಹಿಂದಿನ ಗುತ್ತಿಗೆದಾರರು ಕೈಯಳತೆಯ ತಗ್ಗು ತೋಡಿ ಹಾಗೆಯೇ ಎರಕ ಹೊಯ್ದುಬಿಟ್ಟರು. ಮನೆ ನಿಂತಲ್ಲೇ ನಿಂತಿತು, ಪಾವಟಿಗೆ ವರುಷಕ್ಕೊಮ್ಮೆ ಎದ್ದು ಕುಳಿತು ನಡೆಯತೊಡಗಿತು.

ನಾವಿದ್ದ ಮನೆಯ ನೆಲಮಾಳಿಗೆಗೆ ಇಳಿದರೆ ಮೊದಲು ಮೂಗಿಗೆ ಹತ್ತುವುದು ಮಣ್ಣಿನ ತಣ್ಣನೆಯ ವಾಸನೆ. ಸುತ್ತಲಿನ ಗೋಡೆಗಳು ಬೂದುಹಳದಿ ಬಣ್ಣದ ಸುಣ್ಣಕಲ್ಲಿನವು. ಮಿನಿಯಾಪೊಲಿಸ್ ನಗರ ಕುಳಿತಿರುವುದೇ ಪ್ಲ್ಯಾಟ್‌ವಿಲ್ ಎಂದು ಹೆಸರಿಸಲಾದ ಈ ಸುಣ್ಣಕಲ್ಲಿನ ಹಾಸುಬಂಡೆಯ ಮೇಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ನದಿಯ ದಂಡೆಯಲ್ಲಿ ಅದನ್ನು ಒಡೆದು ತೆಗೆದು ಸಾವಿರಾರು ಮನೆಗಳ ಬುನಾದಿಗೆ ಬಳಸಿದರು. ನೋಡಲು ನಮ್ಮ ಶಹಾಬಾದಿನ ಕಲ್ಲಿನ ದಾಯಾದಿಯಂತಿದೆ, ಹಾಗೆಯೇ ಪದರಪದರವಾಗಿ ಸೀಳಿಕೊಳ್ಳುತ್ತದೆ. ಆದರೆ ಇದರಲ್ಲಿ ಜೇಡಿಯ ಅಂಶ ಸೇರಿರುವ ಪದರಗಳು ನೀರು ಕುಡಿದು ಹೆಪ್ಪುಗಟ್ಟಿದರೆ ಹಪ್ಪಳದಂತೆ ಉದುರುತ್ತವೆ. ಕಲ್ಲುಗಳ ನಡುವಿನ ದರಜುಗಳಿಗೆ ಆ ಕಾಲದವರು ತುಂಬಿದ್ದು ಸುಣ್ಣ ಮತ್ತು ಮರಳಿನ ಗಾರೆ.

ಮನೆಯ ಉತ್ತರದ ಗೋಡೆ ಕೆಟ್ಟಿತ್ತು. ಅದರ ಮೇಲೆ ಹಿಂದಿನ ಯಾವನೋ ಮಾಲೀಕ ಸಿಮೆಂಟಿನ ಗಟ್ಟಿ ಗಿಲಾವು ಹೊಡೆಸಿ, ಮೇಲೆ ನೀರು ತಡೆಯುವ ಬಿಳಿಯ ಬಣ್ಣ ಬಳಿಸಿದ್ದ. ಗಿಲಾವು ಅಂಗೈಯಗಲ ಹೆಕ್ಕಳಿಕೆಗಳಾಗಿ ಎದ್ದಿತ್ತು. ಬೆರಳಿನಿಂದ ಎಬ್ಬಿಸಿದರೆ ಹಿಂದೆ ಕಲ್ಲೇ ಹಿಟ್ಟಾಗಿ ಸುರಿಯುತ್ತಿತ್ತು. ಗೋಡೆಯ ಕಾಲಲ್ಲಿ ಉಪ್ಪಿನ ಬಿಳಿಯ ಹೂವು. ಮೊದಲು ಬಂದು ನೋಡಿದ ಕಂಪನಿಯವರು ಹಳೆಯದನ್ನು ಕೆರೆದು ಮತ್ತೊಮ್ಮೆ, ಇನ್ನೂ ಗಟ್ಟಿಯಾದ ಸಿಮೆಂಟು ಹೊದಿಸುವುದಾಗಿ ಅಂದಾಜು ಪತ್ರ ಬರೆದುಕೊಟ್ಟು ಹೋದರು. ಅಂದಾಜಿನ ಮೊತ್ತವನ್ನು ನೋಡಿ ಹುಡುಗಿ ಆ ರಾತ್ರಿ ಊಟ ಮಾಡಲಿಲ್ಲ. ಮನೆಯ ಸಾಲದ ಕಂತಿನ ಮೇಲೆ ಇದೊಂದು ಹೊರೆ. ಅದಕ್ಕಿಂತ ಹೆಚ್ಚಾಗಿ, ಮನೆಯೇ ಕೈಬಿಡುತ್ತದೆಯೋ ಏನೋ ಎಂಬ ಅಳುಕು.

ಎರಡನೆಯ ಸಲ ಬಂದವರು ಕಲ್ಲುಕೆಲಸದಲ್ಲೇ ಕೂದಲು ನರೆಸಿಕೊಂಡ ಒಬ್ಬ ವೃದ್ಧರು. ಕೋಟಿನ ಕಿಸೆಯಿಂದ ಸಣ್ಣ ಚೂರಿಯನ್ನು ತೆಗೆದು ದರಜುಗಳನ್ನು ಚುಚ್ಚಿ ಚುಚ್ಚಿ ನೋಡಿದರು. ಮೇಲೆ ಹೋಗಿ ಮನೆಯ ಹೊರಗನ್ನು ಒಂದು ಸುತ್ತು ಹಾಕಿದರು. ಸೂರಿನ ದೋಣಿಯ ಕೊಳವೆ ಉತ್ತರದ ಗೋಡೆಯ ಬುಡದಲ್ಲಿಯೇ ನೀರು ಚೆಲ್ಲುತ್ತಿದೆ, ಅಂಗಳದ ಇಳಿಜಾರು ಮನೆಯ ಕಡೆಗೇ ಇದೆ ಎಂದು ತೋರಿಸಿ, ಅವರು ಹೇಳಿದ ಮಾತು ನಮಗೆ ಬಹಳ ಹಿಡಿಸಿತು. ಹಳೆಯ ಕಲ್ಲು ಮೃದು, ಅದರ ಗಾರೆ ಇನ್ನೂ ಮೃದು. ಗೋಡೆಗೆ ಹೊಕ್ಕ ನೀರು ಗಾರೆಯ ಮೂಲಕ ಒಸರಿ ಆರಿಹೋಗುತ್ತದೆ, ಕೆಟ್ಟರೆ ಗಾರೆ ಕೆಡುತ್ತದೆ, ಅದನ್ನು ಐವತ್ತು ವರುಷಕ್ಕೊಮ್ಮೆ ಹೊಸದಾಗಿ ತುಂಬಬಹುದು. ಗಟ್ಟಿ ಸಿಮೆಂಟಿನಿಂದ ಬಾಯಿ ಮುಚ್ಚಿದರೆ ನೀರು ಕಲ್ಲಿನೊಳಗೇ ಉಳಿದು, ಚಳಿಗೆ ಹೆಪ್ಪುಗಟ್ಟಿ ಕಲ್ಲನ್ನೇ ಒಡೆಯುತ್ತದೆ, ಕಲ್ಲನ್ನು ಹೊಸದಾಗಿ ತುಂಬುವುದಕ್ಕೆ ಆಗುವುದಿಲ್ಲ. ಹಳೆಯ ಕಟ್ಟಡಗಳ ಸಂರಕ್ಷಣೆಯ ಬಗ್ಗೆ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಹೊರತಂದಿರುವ ಕೈಪಿಡಿಯೂ ಇದನ್ನೇ ಹೇಳುತ್ತದೆ, ದರಜಿನ ಗಾರೆ ಕಲ್ಲಿಗಿಂತ ಮೃದುವಾಗಿರಬೇಕೆಂದು. ಗಾಣದ ಗಾರೆಯಲ್ಲಿ ಕಟ್ಟಿದ ವಾಡೆಗಳಿಗೆ ಸಿಮೆಂಟು ಮೆತ್ತಿ ಹಾಳುಗೆಡಹುತ್ತಿರುವ ನಮ್ಮ ಊರುಗಳ ಹಿರಿಯರಿಗೆ ಈ ಮುದುಕರನ್ನು ಒಮ್ಮೆ ಭೇಟಿ ಮಾಡಿಸಬೇಕೆನಿಸಿತು!

ಕೆಲಸ ಆರಂಭವಾದುದು ಒಳಗಲ್ಲ, ಹೊರಗೆ. ಕೊಳವೆಯನ್ನು ಮುಂದಕ್ಕೆ ಚಾಚಿ ನೀರನ್ನು ಅಂಗಳದಾಚೆ ಬಿಟ್ಟರು. ಗೋಡೆಯ ಸುತ್ತ ಮಣ್ಣೇರಿಸಿ, ಹತ್ತು ಅಡಿಗೆ ಆರು ಅಂಗುಲದಂತೆ ಹೊರಕ್ಕೆ ಇಳಿಜಾರು ಮಾಡಿದರು. ಆಮೇಲೆ ಗಿಲಾವನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿ, ದರಜುಗಳನ್ನು ಬಿಡಿಸಿ ಸುಣ್ಣದ ಗಾರೆ ತುಂಬಿದರು. ಇಡೀ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಮೊದಲ ಅಂದಾಜಿನ ಅರ್ಧಕ್ಕಿಂತ ಕಡಿಮೆ ಖರ್ಚಾಯಿತೆಂದು ಅಳಿಯ ಹೇಳಿದ.

ಹೀಗೆಂದ ಮಾತ್ರಕ್ಕೆ ಆ ಊರಿನವರು ಕಾಂಕ್ರೀಟಿನ ವೈರಿಗಳೆಂದು ಓದುಗರು ಭಾವಿಸಬಾರದು. ನೆರೆಯ ಸೇಂಟ್ ಲೂಯಿಸ್ ಪಾರ್ಕ್ ಎಂಬಲ್ಲಿ ದುಂಡನೆಯ ಒಂದು ಒಂಟಿ ಗೋಪುರವಿದೆ. ಫ್ರಾಂಕ್ ಪೀವಿ ಎಂಬ ಧಾನ್ಯದ ವರ್ತಕ ಮತ್ತು ಚಾರ್ಲ್ಸ್ ಹ್ಯಾಗ್ಲಿನ್ ಎಂಬ ಕಟ್ಟಡಗಾರ ಕೂಡಿ, ಬೆಂಕಿಗೆ ಆಹುತಿಯಾಗುತ್ತಿದ್ದ ಮರದ ಕಣಜಗಳಿಗೆ ಬದಲಾಗಿ 1899ರಲ್ಲಿ ಕಾಂಕ್ರೀಟಿನ ಕಣಜವನ್ನು ಎತ್ತಿದರು. 68 ಅಡಿ ಏರಿಸಿ, ಧಾನ್ಯ ತುಂಬಿ ಚಳಿಗಾಲವನ್ನು ಕಳೆಯಲು ಬಿಟ್ಟರು. ಧಾನ್ಯವನ್ನು ಹೊರಬಿಡುವಾಗ ಅದು ಸಿಡಿದುಹೋಗುವುದೆಂದು ಜನ ನಂಬಿದ್ದರು, ‘ಪೀವಿಯ ಮೂರ್ಖತನ’ವೆಂದು ಅದಕ್ಕೆ ಹೆಸರೂ ಇಟ್ಟಿದ್ದರು. 1900ರ ವಸಂತದಲ್ಲಿ ಧಾನ್ಯ ಇಳಿಯಿತು, ಗೋಪುರ ನಿಂತಿತು. ಅನಂತರ ಅದನ್ನು ಸುಮಾರು 125 ಅಡಿಗೆ ಏರಿಸಿದರು. ಅಮೆರಿಕದ ಧಾನ್ಯ ಸೀಮೆಗಳಲ್ಲಿ ಇಂದು ಕಾಣುವ ದುಂಡುಕಣಜಗಳಿಗೆಲ್ಲ ಇದೇ ಹಿರಿಯಣ್ಣ.

ಅದೇ ಕಾಲಕ್ಕೆ ಮನೆಗಳ ಬುನಾದಿಗೂ ಕಾಂಕ್ರೀಟು ಬಂದಿತು. 1900ರಲ್ಲಿ ಹಾರ್ಮನ್ ಪಾಮರ್ ಎಂಬಾತ ಟೊಳ್ಳು ಇಟ್ಟಿಗೆಯಂಥ ಕಾಂಕ್ರೀಟು ಬ್ಲಾಕುಗಳನ್ನು ಮಾಡುವ ಕೈಯಂತ್ರಕ್ಕೆ ಸನ್ನದು ಪಡೆದ. ಕೆಲವೇ ವರುಷಗಳಲ್ಲಿ ಸಿಯರ್ಸ್ ಕಂಪನಿ ಅಂಥ ಯಂತ್ರಗಳನ್ನು ಅಂಚೆಯ ಮೂಲಕ ಮಾರತೊಡಗಿತು. ಮನೆ ಕಟ್ಟುವವನೇ ಮರಳು ಸಿಮೆಂಟು ಕಲೆಸಿ, ದಿನಕ್ಕಿಷ್ಟೆಂದು ಬ್ಲಾಕು ಒತ್ತಿ, ತನ್ನ ಬುನಾದಿಯನ್ನು ತಾನೇ ಕಟ್ಟಿಕೊಳ್ಳಬಹುದಾಗಿತ್ತು. 1910 ಮತ್ತು 20ರ ದಶಕಗಳ ಪುಟ್ಟ ಬಂಗಲೆಗಳಲ್ಲಿ ಹಲವು ಇಂಥ ಬ್ಲಾಕು ಗೋಡೆಗಳ ಮೇಲೆ ನಿಂತಿವೆ. ಮೇಲಿನ ಭಾರವನ್ನು ಇವು ಸಲೀಸಾಗಿ ಹೊರುತ್ತವೆ. ಪಕ್ಕದಿಂದ ಬರುವ ಒತ್ತಡವನ್ನು ತಡೆಯುವ ಶಕ್ತಿ ಮಾತ್ರ ಕಡಿಮೆ. ಹೊರಗಿನ ನೀರುಂಡ ಮಣ್ಣು ಹೆಪ್ಪುಗಟ್ಟಿ ಒತ್ತಿದಾಗ ಗೋಡೆಯ ನಡುಮಟ್ಟದಲ್ಲಿ ಅಡ್ಡಲಾಗಿ ಒಂದು ಬಿರುಕು ಓಡಿ, ಗೋಡೆ ಒಳಕ್ಕೆ ಬಸಿರುಬಿಡುತ್ತದೆ.

ಪಕ್ಕದ ಮನೆಯ ಅಜ್ಜಿಯ ಗೋಡೆಗೆ ಆದುದು ಇದೇ. ಎಂಬತ್ತು ದಾಟಿದ ಆಕೆ ಆ ಮನೆಗೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡಿದ್ದ, ಮಕ್ಕಳು ದೂರದ ರಾಜ್ಯಗಳಲ್ಲಿದ್ದರು. ನಮ್ಮನ್ನು ಕರೆದು ಚಹಾ ಕೊಟ್ಟು, ನೆಲಮಾಳಿಗೆಯ ಗೋಡೆಯನ್ನು ತೋರಿಸಿದಳು. ಗೋಡೆಯ ಮೇಲೆ ಗಂಡ ಪೆನ್ಸಿಲಿನಿಂದ ಗೀಟೆಳೆದು ವರುಷ ಬರೆದಿಟ್ಟಿದ್ದ. ಬಿರುಕಿನ ಬಾಯಿ 1988ರಲ್ಲಿ ಇಷ್ಟು, 1997ರಲ್ಲಿ ಇಷ್ಟು, 2014ರಲ್ಲಿ ಇಷ್ಟು. ಆತನ ನಂತರ ಗೀಟು ಎಳೆದವರಿಲ್ಲ. ಗೋಡೆ ಒಂದೂವರೆ ಅಂಗುಲ ಒಳಬಾಗಿತ್ತು. ಸುಮಾರು ಎರಡು ಅಂಗುಲದೊಳಗಿದ್ದರೆ ಇಂಗಾಲದ ಎಳೆಯ ಪಟ್ಟಿಗಳನ್ನು ಅಂಟಿಸಿ ಅಲ್ಲಿಗೇ ನಿಲ್ಲಿಸಬಹುದು, ಅದಕ್ಕೂ ಮೀರಿದರೆ ಉಕ್ಕಿನ ತೊಲೆಗಳನ್ನು ನಿಲ್ಲಿಸಬೇಕು ಇಲ್ಲವೆ ಹೊರಗಿನ ಮಣ್ಣು ತೆಗೆದು ಗೋಡೆಯನ್ನೇ ಹೊಸದಾಗಿ ಕಟ್ಟಬೇಕು ಎಂಬುದು ಅಲ್ಲಿನ ಕೆಲಸದವರ ಲೆಕ್ಕ. ಮಕ್ಕಳು ಮನೆ ಮಾರಿ ವೃದ್ಧರ ವಸತಿಗೆ ಹೋಗೆಂದು ಒತ್ತಾಯಿಸುತ್ತಿದ್ದರು. ಬಾಗಿದ ಗೋಡೆಯ ಮನೆಗೆ ಬರುವ ಬೆಲೆಯಾದರೂ ಎಷ್ಟು? ದುರಸ್ತಿ ಮಾಡಿಸಲು ಪಿಂಚಣಿ ಸಾಲದು, ಮಾಡಿಸದೆ ಮಾರಿದರೆ ಬಂದ ಹಣ ವಸತಿಗೆ ಸಾಲದು. ಈ ಇಕ್ಕಟ್ಟಿನಲ್ಲಿ ಆಕೆ ಮೂರು ಚಳಿಗಾಲಗಳನ್ನು ಕಳೆದಿದ್ದಳು.

ಮನೆಯನ್ನು ಬರಿದಾಗಿ ಬಿಟ್ಟು ಹೋಗುವುದೂ ಅಪಾಯವೇ. ನೆಲಮಾಳಿಗೆಯ ಒಲೆಯ ಕಾವು ಗೋಡೆಗಳ ಮೂಲಕ ಹೊರಗಿನ ಮಣ್ಣನ್ನು ಒಂದಿಷ್ಟು ಬೆಚ್ಚಗೆ ಇಟ್ಟಿರುತ್ತದೆ. ಒಲೆ ಆರಿದ ಮನೆಯ ಸುತ್ತ ಹೆಪ್ಪು ಆಳಕ್ಕಿಳಿದು ಬುನಾದಿಯ ತಳಕ್ಕೇ ಕೈಹಾಕುತ್ತದೆ. 2008ರ ಆರ್ಥಿಕ ಕುಸಿತದ ನಂತರ ಉತ್ತರ ಮಿನಿಯಾಪೊಲಿಸ್ಸಿನಲ್ಲಿ ಸಾಲ ತೀರಿಸಲಾರದೆ ಜನ ಬಿಟ್ಟುಹೋದ ಮನೆಗಳು ಸಾಲುಸಾಲಾಗಿ ಖಾಲಿ ಬಿದ್ದಿದ್ದವು. ಅಂಥ ಮನೆಗೆ ಒಂದು ಕಟು ಚಳಿಗಾಲವೇ ಸಾಕು, ಕೊಳಾಯಿ ಸಿಡಿದು, ಗೋಡೆ ಬಿರಿದು, ಜನವಸತಿಗೆ ಬಾರದಂತಾಗುತ್ತದೆ.

ಅಕ್ಟೋಬರ್ ಮಧ್ಯದಲ್ಲಿ ನಮ್ಮ ಹುಡುಗರ ಮನೆಯ ಮುಂದಿನ ವಾಲಿದ ಪಾವಟಿಗೆಯನ್ನು ಕಿತ್ತು ಹೊಸದನ್ನು ಹೊಯ್ಯುವ ದಿನ ಬಂತು. ನಾವು ಕುರ್ಚಿ ಹಾಕಿಕೊಂಡು ಕುಳಿತೇ ನೋಡಿದೆವು. ಹಿಂದಿನ ದಿನ 42 ಅಂಗುಲಕ್ಕಿಂತ ಆಳವಾದ ಎರಡು ಗುಂಡಿಗಳನ್ನು ತೋಡಿ ರಟ್ಟಿನ ದುಂಡು ಕೊಳವೆಗಳನ್ನು ಇಳಿಸಿದ್ದರು. ಕೊಳವೆಯ ಮೈ ನುಣುಪಾಗಿದ್ದರೆ ಹೆಪ್ಪುಗಟ್ಟುವ ಮಣ್ಣಿಗೆ ಕಂಬದ ಮೈಯನ್ನು ಹಿಡಿದೆತ್ತಲು ಸುಲಭವಾಗದು. ನಗರಸಭೆಯ ತಪಾಸಣಾಧಿಕಾರಿ ಬಂದು, ಅಳತೆಪಟ್ಟಿ ಇಳಿಬಿಟ್ಟು, ಆಳ ನೋಡಿ ಸಹಿ ಹಾಕಿದ ಮೇಲೆಯೇ ಕಾಂಕ್ರೀಟು ಬೀಳತಕ್ಕದ್ದು. ಒಂದು ಪಾವಟಿಗೆಗೆ ಇಷ್ಟು ಶಿಸ್ತು!

ಲಾರಿ ಬಂದಾಗ ಗುತ್ತಿಗೆದಾರ ಮೊದಲು ನೋಡಿದ್ದು ಸಿಮೆಂಟಿನ ಪ್ರಮಾಣವನ್ನಲ್ಲ, ಚೀಟಿಯಲ್ಲಿ ಬರೆದಿದ್ದ ಗಾಳಿಯ ಪ್ರಮಾಣವನ್ನು. ಶೇಕಡಾ 6. ಶೀತಪ್ರದೇಶದ ಕಾಂಕ್ರೀಟಿಗೆ ಬೇಕೆಂದೇ ಗಾಳಿ ಬೆರೆಸುತ್ತಾರೆಂದು ನಾವು ಅಲ್ಲಿಯೇ ಕೇಳಿ ತಿಳಿದದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು, ಒಂದರಿಂದೊಂದು ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿಗಿಂತ ದೂರವಿರದಂತೆ, ಎರಕದ ತುಂಬ ಹರಡಿರಬೇಕು. ಕಾಂಕ್ರೀಟಿನೊಳಗಿನ ತೇವ ಹೆಪ್ಪುಗಟ್ಟಿ ಹಿಗ್ಗುವಾಗ, ತಳ್ಳಲ್ಪಟ್ಟ ನೀರು ಹತ್ತಿರದ ಗುಳ್ಳೆಯೊಳಗೆ ಸೇರಿಕೊಳ್ಳುತ್ತದೆ, ಹೀಗಾಗಿ ಗೋಡೆ ಒಡೆಯುವುದಿಲ್ಲ. 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಕೆಲವು ರಸ್ತೆಗಳು ಮಾತ್ರ ಚಳಿಗೆ ಜಗ್ಗದೆ ಉಳಿದದ್ದನ್ನು ಕಂಡು ಶೋಧಿಸಿದಾಗ, ಆ ಸಿಮೆಂಟನ್ನು ಅರೆಯುವಾಗ ಕೊಬ್ಬಿನ ಅಂಶ ಬೆರೆತು ಗಾಳಿಗುಳ್ಳೆಗಳು ಹುಟ್ಟಿದ್ದು ಬೆಳಕಿಗೆ ಬಂತೆಂದು ಈ ವಿದ್ಯೆಯ ಚರಿತ್ರೆಯಲ್ಲಿ ಹೇಳುತ್ತಾರೆ. ಈಗ ಅದಕ್ಕಾಗಿ ಪೈನ್ ಮರದ ರಾಳ ಮೊದಲಾದವನ್ನು ಬಳಸುವರು. ಅದಕ್ಕೂ ಹಿಂದೆ ಹೊಯ್ದ ಕಾಂಕ್ರೀಟಿನಲ್ಲಿ ಈ ಏರ್ಪಾಡಿಲ್ಲ. ಹಳೆಯ ಮನೆಗಳ ಅಂಗಳವೇಕೆ ಹೊಪ್ಪಳೆಯೇಳುತ್ತದೆ ಎಂಬ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು.

ಉಳಿದರ್ಧ ಕರಣೆಯ ಕೈಚಳಕದಲ್ಲಿದೆ. ನಮ್ಮಲ್ಲಿ ನೆಲ ಮಾಡುವಾಗ ಒಣ ಸಿಮೆಂಟು ಉದುರಿಸಿ, ನೀರು ಚಿಮುಕಿಸಿ, ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿದವನೇ ಜಾಣ ಗೌಂಡಿ. ಅಲ್ಲಿ ಹಾಗೆ ಮಾಡಿದವನಿಗೆ ಕೆಲಸ ಹೋದೀತು. ಎರಕದ ಮೇಲೆ ಒಸರಿ ನಿಂತ ನೀರು ತಾನಾಗಿ ಆರುವ ಮುನ್ನ ಕರಣೆ ಆಡಿಸಿದರೆ, ಆ ನೀರು ಮೇಲ್ಪದರದಲ್ಲೇ ಸೇರಿ ಅದನ್ನು ಸಡಿಲಗೊಳಿಸುತ್ತದೆ, ಅತಿಯಾಗಿ ತಿಕ್ಕಿದರೆ ಗುಳ್ಳೆಗಳೂ ಹೊರಟುಹೋಗುತ್ತವೆ. ಆದ್ದರಿಂದ ಕಾಯ್ದರು. ನಾಲ್ವರು ಆಳುಗಳು ಕೈಕಟ್ಟಿ ಒಂದು ತಾಸು ಸುಮ್ಮನೆ ನಿಂತಿದ್ದನ್ನು ನೋಡಿ ನಮಗೇ ಚಡಪಡಿಕೆಯಾಯಿತು. ಕೊನೆಗೆ ಪೊರಕೆಯಿಂದ ಒಮ್ಮೆ ಎಳೆದು ಒರಟು ಗೆರೆ ಮೂಡಿಸಿ ಬಿಟ್ಟರು. ನಮ್ಮಲ್ಲಿ ಎರಕಕ್ಕೆ ಗೋಣಿತಟ್ಟು ಹೊದಿಸಿ ನೀರುಣಿಸುವಂತೆ ಅಲ್ಲಿ ಕಂಬಳಿ ಹೊದಿಸಿದರು, ಏಕೆಂದರೆ ರಾತ್ರಿ ಚಳಿ ಬೀಳುವ ಸೂಚನೆಯಿತ್ತು. ಹಸಿಯ ಕಾಂಕ್ರೀಟು ಪ್ರತಿ ಚದರ ಅಂಗುಲಕ್ಕೆ 500 ಪೌಂಡ್ ಭಾರ ತಾಳುವಷ್ಟು ಬಲಿಯುವ ಮೊದಲೇ ಹೆಪ್ಪುಗಟ್ಟಿತೆಂದರೆ ಮತ್ತೆಂದೂ ಪೂರ್ಣ ಬಲಕ್ಕೆ ಬಾರದು.

ಇನ್ನು ಉಪ್ಪಿನ ವಿಚಾರ. ಹಿಮ ನಿಂತ 24 ತಾಸುಗಳೊಳಗೆ ಮನೆಯ ಮುಂದಿನ ಕಾಲುದಾರಿಯನ್ನು ಮನೆಯವರೇ ತೆರವು ಮಾಡಬೇಕೆಂಬುದು ಅಲ್ಲಿನ ನಗರಸಭೆಯ ನಿಯಮ. ಜನ ಬೇಸತ್ತು ಉಪ್ಪು ಎರಚುತ್ತಾರೆ. ಸುಮಾರು ಸೊನ್ನೆಗಿಂತ 9 ಡಿಗ್ರಿ ಕೆಳಗಿಳಿದರೆ ಸಾಮಾನ್ಯ ಉಪ್ಪು ಅಷ್ಟಾಗಿ ಕೆಲಸ ಮಾಡದು, ಆದರೆ ಕಾಂಕ್ರೀಟಿನ ಮೇಲ್ಮೈಯನ್ನು ಹೊಪ್ಪಳೆಯೆಬ್ಬಿಸುವ ಕೆಲಸವನ್ನು ಮಾತ್ರ ಬಿಡದು. ಮೊದಲ ಚಳಿಗಾಲದಲ್ಲಂತೂ ಉಪ್ಪು ಸೋಕಿಸಲೇಬೇಡಿ, ಮರಳು ಹಾಕಿ ಎಂದು ಗುತ್ತಿಗೆದಾರ ಕೈಮುಗಿದು ಕೇಳಿಕೊಂಡಂತೆ ಹೇಳಿಹೋದ.

ನಾವು ಊರಿಗೆ ಮರಳಿದ ಮೇಲೆ ಆದ ಸಂಗತಿ ವಿಚಿತ್ರವಾದುದು. 2023–24ರ ಚಳಿಗಾಲ ಅವಳಿ ನಗರಗಳ ದಾಖಲೆಯಲ್ಲಿಯೇ ಅತ್ಯಂತ ಬೆಚ್ಚನೆಯದಾಯಿತು. ಕ್ರಿಸ್‌ಮಸ್ ಹಬ್ಬದಂದು ಹಿಮದ ಬದಲು ಮಳೆ ಸುರಿಯಿತು. ಆ ರಾತ್ರಿ ಹುಡುಗಿ ಟಾರ್ಚು ಹಿಡಿದು ಮೂರು ಸಲ ನೆಲಮಾಳಿಗೆಗೆ ಇಳಿದು ನೋಡಿದಳಂತೆ. ಉತ್ತರದ ಗೋಡೆ ಒಣಗಿಯೇ ಇತ್ತು. ಪಾವಟಿಗೆ ಅಲುಗಿಲ್ಲ. ಅದು ಸೌಮ್ಯ ಚಳಿಗಾಲವಾದ್ದರಿಂದ ಅದನ್ನು ಪರೀಕ್ಷೆಯೆಂದು ಲೆಕ್ಕಕ್ಕೆ ಹಿಡಿಯಲಾರೆನೆಂದು ಗುತ್ತಿಗೆದಾರನೇ ಹೇಳಿದನೆಂದು ಫೋನಿನಲ್ಲಿ ತಿಳಿಸಿದಳು.

ಪಕ್ಕದ ಮನೆಯ ಅಜ್ಜಿಯ ಸಮಾಚಾರ ಕೇಳಿದೆವು. ಆಕೆ ಮನೆ ಮಾರಿಲ್ಲ. ಕಲ್ಲುಕೆಲಸದ ವೃದ್ಧರು ಹೋಗಿ ನೋಡಿ, ಆಕೆಯ ಸೂರಿನ ಕೊಳವೆಯನ್ನೂ ಮುಂದಕ್ಕೆ ಚಾಚಿ, ಅಂಗಳದ ಮಣ್ಣು ಏರಿಸಿಕೊಟ್ಟು ಬಂದರಂತೆ. ಪಟ್ಟಿ ಅಂಟಿಸುವ ಕೆಲಸಕ್ಕೆ ಮಗ ಅರ್ಧ ಹಣ ಕೊಡಲು ಒಪ್ಪಿದ್ದಾನೆ, ಉಳಿದರ್ಧ ಹೊಂದಬೇಕಾಗಿದೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಅಳಿಯ ಆ ನೆಲಮಾಳಿಗೆಗೆ ಇಳಿದು, ಆಕೆ ಹಿಡಿದ ದೀಪದ ಬೆಳಕಿನಲ್ಲಿ ಬಿರುಕಿನ ಬಾಯಿಯನ್ನು ಅಳೆದು, ಅವಳ ಗಂಡನ ಗೀಟುಗಳ ಕೆಳಗೆ ಪೆನ್ಸಿಲಿನಿಂದ 2024 ಎಂದು ಬರೆದು ಬಂದನಂತೆ.